ಒಗ್ಗರಣೆ ಇಲ್ಲದ ಸಾರು

ತಿಪಟೂರಿಗೆ ಹೊರಟ ದಿನ ಮಂಡ್ಯದ ಬಸ್ ನಿಲ್ದಾಣದಲ್ಲಿ ಅಪ್ಪ ಒಂದೇ ಮಾತು ಹೇಳಿದರು. ಶಿವರಾತ್ರಿ ಕಳೆದ ಮೇಲೆ ಒಂದು ಸಲ ಬಂದು ನೋಡುತ್ತೇನೆ, ಕಣ್ಣು ಹಳದಿಯಾಗಿದ್ದರೆ, ಮುಖ ಇಳಿದಿದ್ದರೆ, ಅವತ್ತೇ ಕರೆದುಕೊಂಡು ಬರುತ್ತೇನೆ ಎಂದರು. ನಾನು ಹೂಂ ಎಂದೆ. ನಮ್ಮ ಮನೆಯಲ್ಲಿ ಮಾತು ಕಡಿಮೆ. ಅಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು. ದಿನವಿಡೀ ಮಕ್ಕಳೆದುರು ಮಾತಾಡಿ ಬಂದು ಮನೆಯಲ್ಲಿ ಸುಮ್ಮನಿರಲು ಬಯಸುತ್ತಿದ್ದರು. ನಾನೂ ಅವರಂತೆಯೇ ಆದೆ. ಮನೆಯ ಮಾತೆಲ್ಲ ಅಜ್ಜಿಯದು, ಅಂದರೆ ಅಪ್ಪನ ತಾಯಿಯದು.

ಹಿಂದಿನ ಮಳೆಗಾಲದಲ್ಲಿ ಬೆಂಗಳೂರಿನ ಹಾಸ್ಟೆಲಿನಲ್ಲಿದ್ದಾಗ ನನಗೆ ಕಾಮಾಲೆಯಾಗಿತ್ತು. ಹೊರಗೆ ಗಾಡಿಯಲ್ಲಿ ತಿಂದದ್ದರಿಂದಲೋ, ಒಳಗಿನ ತೊಟ್ಟಿಯ ನೀರಿನಿಂದಲೋ ಹೇಳುವುದು ಕಷ್ಟ. ನಾನು ಓದುತ್ತಿದ್ದದ್ದು ಆಹಾರ ವಿಜ್ಞಾನ. ಯಾವ ಕಾಯಿಲೆಯವರು ಏನು ಉಣ್ಣಬೇಕೆಂದು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ತೆಗೆದುಕೊಂಡಿದ್ದೆ. ತರಗತಿಯವರೆಲ್ಲ ಇಂಟರ್ನ್‌ಶಿಪ್ ಮುಗಿಸುವ ಹೊತ್ತಿಗೆ ನಾನು ಮನೆಯಲ್ಲಿ ಚಾಪೆಯ ಮೇಲೆ ಮಲಗಿ ಗಂಜಿ ಕುಡಿಯುತ್ತಿದ್ದೆ. ದಿನಾ ಬೆಳಿಗ್ಗೆ ಅಪ್ಪ ನನ್ನನ್ನು ಬಾಗಿಲ ಬೆಳಕಿಗೆ ತಿರುಗಿಸಿ, ಕೆಳರೆಪ್ಪೆ ಎಳೆದು ನೋಡಿ, ಏನೂ ಹೇಳದೆ ಶಾಲೆಗೆ ಹೋಗುತ್ತಿದ್ದರು.

ಸಂಕ್ರಾಂತಿಯ ಹೊತ್ತಿಗೆ ರಕ್ತಪರೀಕ್ಷೆ ಸರಿಯಾಯಿತು. ಕಾಯಿಲೆ ಹೋಗಿದೆ, ಇನ್ನು ಯಾರಿಗೂ ಅಂಟುವುದಿಲ್ಲ, ಆದರೆ ಲಿವರ್ ಇನ್ನೂ ಸುಸ್ತಾಗಿದೆ ಎಂದರು ಡಾಕ್ಟರು. ಯುಗಾದಿ ಕಳೆಯುವ ತನಕ ಎಣ್ಣೆ, ತುಪ್ಪ, ಕರಿದ ತಿಂಡಿ, ಕಾಯಿ, ಕೊಬ್ಬರಿ ಯಾವುದೂ ಕೂಡದು. ಕುದಿಸಿ ಆರಿಸಿದ ನೀರೇ ಕುಡಿಯಬೇಕು. ತಟ್ಟೆ ಲೋಟ ಬೇರೆ ಇಟ್ಟುಕೊಂಡರೆ ಒಳ್ಳೆಯದು. ಕಾಲೇಜಿನವರು ಇಂಟರ್ನ್‌ಶಿಪ್ಪಿಗೆ ಇನ್ನೊಂದು ಅವಕಾಶ ಕೊಟ್ಟರು. ಅದೂ ನಡುವೆ ನಿಂತರೆ ಮುಂದಿನ ವರ್ಷದವರ ಜೊತೆ ಮಾಡಬೇಕಿತ್ತು. ಆ ಮುಂದಿನ ವರ್ಷ ನನ್ನ ಪಾಲಿಗೆ ಬರುತ್ತದೆಂಬ ಭರವಸೆ ನನಗಿರಲಿಲ್ಲ. ಜಾತಕ ಹಿಡಿದುಕೊಂಡ ನೆಂಟರು ಆಗಲೇ ಮನೆಗೆ ಬರತೊಡಗಿದ್ದರು.

ಕಾಯಿ ಕೊಬ್ಬರಿ ಕೂಡದವಳಿಗೆ ಸಿಕ್ಕಿದ ಊರು ತಿಪಟೂರು. ಕೆಲಸ ಬಿಳಿಗೆರೆ ಕಡೆಯ ತೋಟಗಳ ನಡುವೆ ಇದ್ದ ಒಂದು ಚಿಕ್ಕ ಕಾರ್ಖಾನೆಯಲ್ಲಿ. ಅಲ್ಲಿ ತೆಂಗಿನಕಾಯಿಯ ತಿರುಳನ್ನು ತುರಿದು, ಒಣಗಿಸಿ, ಬಿಸ್ಕತ್ತು ಮಾಡುವವರಿಗೂ ಸಿಹಿತಿಂಡಿ ಮಾಡುವವರಿಗೂ ಪುಡಿಯಾಗಿ ಕಳಿಸುತ್ತಿದ್ದರು. ಚಿಪ್ಪು ಬಿಡಿಸಿದ ಕಾಯಿಯ ಕಂದು ಸಿಪ್ಪೆಯನ್ನು ಹೆಂಗಸರು ಸಾಲಾಗಿ ಕೂತು ಚಾಕುವಿನಲ್ಲಿ ಹೆರೆಯುತ್ತಿದ್ದರು. ಅವರ ಆಚೆ ಗಾಜಿನ ಕಿಟಕಿಯ ಒಂದು ಕೋಣೆ, ಅದೇ ಲ್ಯಾಬು. ಪುಡಿಯಲ್ಲಿ ಎಷ್ಟು ತೇವ ಉಳಿದಿದೆ, ಎಷ್ಟು ಕೊಬ್ಬಿದೆ ಎಂದು ನೋಡುವುದು ನನ್ನ ಕೆಲಸ. ಒಣ ಪುಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕೊಬ್ಬೇ ಇರುತ್ತದೆ. ಬೆಳಗಿನಿಂದ ಸಂಜೆಯವರೆಗೆ ನಾನು ಅದನ್ನು ತೂಗುತ್ತಿದ್ದೆ, ಕರಗಿಸುತ್ತಿದ್ದೆ, ಬರೆದಿಡುತ್ತಿದ್ದೆ. ಸಂಜೆ ದುಪಟ್ಟಾ ಕೊಡವಿದರೂ ಕಾಯಿಯ ವಾಸನೆ ಹೋಗುತ್ತಿರಲಿಲ್ಲ.

ಕೋಣೆ ಸಿಕ್ಕಿದ್ದು ಊರೊಳಗೆ, ಒಂದು ಹಳೆಯ ಮನೆಯ ಮಹಡಿಯಲ್ಲಿ. ಪಕ್ಕದ ಅಟ್ಟದಲ್ಲಿ ಮನೆಯವರು ಕೊಬ್ಬರಿಗೆಂದು ಕಾಯಿ ಪೇರಿಸಿಟ್ಟಿದ್ದರು. ಸಿಪ್ಪೆಯೊಳಗೇ ವರ್ಷದ ಹತ್ತಿರ ಕೂತು ಕಾಯಿಯ ನೀರು ತಾನಾಗಿ ಇಂಗಿ ಉಂಡೆ ಕೊಬ್ಬರಿಯಾಗಬೇಕು. ಒಂದು ಕಿಡಿ ಬಿದ್ದರೂ ಅಟ್ಟವೆಲ್ಲ ಹತ್ತಿಕೊಳ್ಳುತ್ತದೆಂದು ಬಾಡಿಗೆಯವರು ಸ್ಟವ್ ಹಚ್ಚುವಂತಿರಲಿಲ್ಲ. ಹಾಗಾಗಿ ಮೂರು ಹೊತ್ತೂ ಹೊರಗೆ ತಿನ್ನಬೇಕಾಯಿತು.

ಮೊದಲ ವಾರ ಹೋಟೆಲುಗಳನ್ನು ನೋಡಿದೆ. ಇಡ್ಲಿಗೆ ಯಾರ ಅಡ್ಡಿಯೂ ಇಲ್ಲ ಅಂದುಕೊಂಡಿದ್ದೆ. ಆದರೆ ಚಟ್ನಿಯನ್ನು ಕೇಳದೆಯೇ ಇಡ್ಲಿಯ ಮೇಲೆ ಸುರಿಯುತ್ತಿದ್ದರು. ಬೇಡವೆಂದರೆ ಸಪ್ಲೈಯರ್ ಮುಖ ಸಪ್ಪಗೆ ಮಾಡಿ, ಈಗ ತಾನೆ ರುಬ್ಬಿದ್ದು ಎನ್ನುತ್ತಿದ್ದ. ಆ ಊರಿನಲ್ಲಿ ಕಾಯಿಚಟ್ನಿ ಬೇಡವೆನ್ನುವುದು ಅಡುಗೆಯವರ ಮೇಲೆ ದೂರು ಹೇಳಿದಂತೆ. ಎಣ್ಣೆಯಿಲ್ಲದ ದೋಸೆ ಆಗುತ್ತದೆಯೇ ಎಂದು ಒಮ್ಮೆ ಕೇಳಿದೆ. ದೋಸೆ ಹಾಕುತ್ತಿದ್ದವರು ಸೌಟು ಹಿಡಿದುಕೊಂಡೇ ತಿರುಗಿ ನೋಡಿ, ಹಾಗೆ ಮಾಡಿದರೆ ಅಂಟಿಕೊಂಡ ದೋಸೆಯನ್ನು ನೀವು ಕಲ್ಲಿನ ಸಮೇತ ಮನೆಗೆ ಕೊಂಡುಹೋಗಬೇಕಾಗುತ್ತದೆ ಎಂದರು. ಪಲ್ಯಕ್ಕೆ ಕಾಯಿ, ಸಾಂಬಾರಿಗೆ ಕಾಯಿ, ಚಿತ್ರಾನ್ನಕ್ಕೂ ಕಾಯಿ. ಟೊಮ್ಯಾಟೊ ಬಾತಿನ ತಟ್ಟೆ ಓರೆ ಮಾಡಿದರೆ ಎಣ್ಣೆ ಹರಿಯುತ್ತಿತ್ತು. ಕೊನೆಗೆ ಬ್ರೆಡ್ಡು, ಬಾಳೆಹಣ್ಣು, ಬರೀ ಇಡ್ಲಿ ಇಷ್ಟರಲ್ಲೇ ದಿನ ಕಳೆಯತೊಡಗಿದೆ. ವಾರದ ಕೊನೆಗೆ ಮಹಡಿ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲಬೇಕಾಗುತ್ತಿತ್ತು. ಕೈಬಳೆಗಳು ಜಾರುತ್ತಿದ್ದವು, ತೆಗೆದಿಟ್ಟೆ. ಕನ್ನಡಿಯಲ್ಲಿ ಕಣ್ಣು ನೋಡಿಕೊಳ್ಳುವುದು ಅಭ್ಯಾಸವಾಯಿತು. ಹೀಗೇ ಮುಂದುವರಿದರೆ ಅಪ್ಪ ಬಂದ ದಿನವೇ ನನ್ನ ಹಾಸಿಗೆ ಸುತ್ತಬೇಕೆಂದು ಗೊತ್ತಿತ್ತು.

ಕಾರ್ಖಾನೆಯ ಸೂಪರ್‌ವೈಸರ್ ಚಿಕ್ಕನಾಯಕನಹಳ್ಳಿ ಕಡೆಯವರು. ಊಟ ಮಾಡದೆ ಕೂತವಳನ್ನು ನೋಡಿ ಅವರು ಕೊಬ್ಬರಿ ಮಂಡಿಗಳ ಹಿಂದಿನ ಬೀದಿಯ ಒಂದು ಮನೆ ಹೇಳಿದರು. ಒಬ್ಬ ಹೆಂಗಸು ಅತ್ತೆಯ ಜೊತೆ ಸೇರಿ ಮನೆಯಲ್ಲೇ ಮೆಸ್ಸು ನಡೆಸುತ್ತಿದ್ದರು. ಬೋರ್ಡು ಇರಲಿಲ್ಲ. ನಡುಮನೆಯಲ್ಲಿ ಎರಡು ಉದ್ದ ಮಣೆ, ಮೂಲೆಯಲ್ಲಿ ರೇಡಿಯೋ. ಊಟಕ್ಕೆ ಬರುತ್ತಿದ್ದವರು ಮಂಡಿಯ ಗುಮಾಸ್ತರು, ಬ್ಯಾಂಕಿನವರೊಬ್ಬರು, ಬೇರೆ ಊರಿನಿಂದ ಬಂದು ರೂಮು ಮಾಡಿಕೊಂಡಿದ್ದ ಕೆಲವರು. ಆ ಹೆಂಗಸನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು, ಅವರ ಅತ್ತೆಯನ್ನು ಅಜ್ಜಿ ಎನ್ನುತ್ತಿದ್ದರು. ನಾನೂ ಹಾಗೆಯೇ ಅಂದೆ.

ಮೊದಲ ದಿನ ನಾನು ಅಕ್ಕನಿಗೆ ಹೇಳಿದ್ದು ಇಷ್ಟು. ಸಾರಿಗೆ ಒಗ್ಗರಣೆ ಹಾಕುವ ಮೊದಲು ನನಗೆಂದು ಸ್ವಲ್ಪ ತೆಗೆದಿಡಬೇಕು, ಕಾಯಿ ಹಾಕಬಾರದು, ಕರಿದದ್ದು ಸಿಹಿ ಯಾವುದೂ ಬೇಡ, ತಟ್ಟೆ ಲೋಟ ಬೇರೆ ಇದ್ದರೆ ಒಳ್ಳೆಯದು. ಕಾರಣ ಹೇಳಲಿಲ್ಲ. ಕಾಯಿಲೆಯ ಮಾತನ್ನು ಹೊಸಬರ ಮುಂದೆ ಆಡುವುದು ನನಗೆ ಆಗದ ಕೆಲಸ. ವಾಸಿಯಾದ ಕಾಯಿಲೆ ನನ್ನದು, ನನಗೆ ಸೇರಿದ್ದು ಅಂತ ಅಂದುಕೊಂಡಿದ್ದೆ. ಅಕ್ಕ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಕಾಯಿಲೆಯಲ್ಲಿ ಉದುರಿದ ಮೇಲೆ ಗಿಡ್ಡ ಕತ್ತರಿಸಿದ ಕೂದಲು, ಹೂವಿಲ್ಲ, ಕೈಯಲ್ಲಿ ಬಳೆಯಿಲ್ಲ.

“ಎಲ್ಲಿಗಂಟ ಹಿಂಗೆ?” ಎಂದು ಕೇಳಿದರು.

ಯುಗಾದಿ ಕಳೆಯುವ ತನಕ ಎಂದೆ.

ಅವರು ಒಳಗೆ ಹೋಗಿ ಅಜ್ಜಿಯ ಜೊತೆ ಮೆಲ್ಲಗೆ ಮಾತಾಡಿದರು. ಹೊರಗೆ ಬಂದಾಗ ದನಿ ಬೇರೆಯಾಗಿತ್ತು. “ಬಾ ಕಣವ್ವ. ಮಾಡ್ಕೊಡ್ತೀನಿ. ನೀನೇನೂ ಹೇಳ್ಬ್ಯಾಡ ಬುಡು,” ಎಂದರು.

ಇಷ್ಟು ಸುಲಭವಾಗಿ ಒಪ್ಪಿಕೊಂಡರಲ್ಲ ಎಂದು ನನಗೆ ಸಮಾಧಾನವಾಯಿತು. ಏನನ್ನು ಒಪ್ಪಿಕೊಂಡರೆಂದು ತಿಳಿದದ್ದು ಬಹಳ ದಿನಗಳ ಮೇಲೆ.

ಅವತ್ತಿನಿಂದ ಒಲೆಯ ಪಕ್ಕ ನನಗೊಂದು ಪುಟ್ಟ ಪಾತ್ರೆ ಬಂತು. ಬೇಳೆ ಬೆಂದು, ಸಾರಿನ ಪುಡಿ ಬಿದ್ದು, ಒಂದು ಕುದಿ ಬಂದ ಮೇಲೆ ಅಕ್ಕ ಅದರಿಂದ ಎರಡು ಸೌಟು ನನ್ನ ಪಾತ್ರೆಗೆ ಹಾಕಿ ಮುಚ್ಚಿಡುತ್ತಿದ್ದರು. ಆಮೇಲೆ ಉಳಿದದ್ದಕ್ಕೆ ಸಾಸಿವೆ ಸಿಡಿಯುತ್ತಿತ್ತು. ಅವರೆಕಾಯಿಯ ಕಾಲದಲ್ಲಿ ನನ್ನ ಪಾಲಿನ ಕಾಳು ಬರೀ ಉಪ್ಪು ಹಸಿಮೆಣಸಿನಲ್ಲಿ ಬೇಯುತ್ತಿತ್ತು. ಬಸ್ಸಾರಿನ ದಿನ ಸೊಪ್ಪನ್ನು ಹಿಂಡಿ ಹಾಗೆಯೇ ಕೊಡುತ್ತಿದ್ದರು. ಮುದ್ದೆ, ಹುರುಳಿಕಟ್ಟಿನ ಸಾರು, ಮೊಳಕೆ ಕಾಳು, ಬೆಣ್ಣೆ ತೆಗೆದ ನೀರು ಮಜ್ಜಿಗೆ. ಹಂಡೆಯ ಒಲೆಯಲ್ಲಿ ದಿನವಿಡೀ ತೆಂಗಿನ ಮಟ್ಟೆ ಉರಿಯುತ್ತಿದ್ದರಿಂದ ಕುದಿದ ನೀರಿಗೂ ಬರವಿರಲಿಲ್ಲ. ಕಾಲೇಜಿನ ಪುಸ್ತಕ ನೋಡಿ ನಾನೇ ಊಟದ ಪಟ್ಟಿ ಮಾಡಿಕೊಂಡಿದ್ದರೂ ಇದಕ್ಕಿಂತ ಒಳ್ಳೆಯದು ಆಗುತ್ತಿರಲಿಲ್ಲ.

ಅಜ್ಜಿ ನನ್ನ ತಟ್ಟೆ ಲೋಟವನ್ನು ಬೇರೆ ಗೂಡಿನಲ್ಲಿ ಇಟ್ಟರು. ನನ್ನ ಮಣೆ ಮಾತ್ರ ಹಿತ್ತಲ ಬಾಗಿಲ ಪಕ್ಕದಲ್ಲಿತ್ತು. ಗಂಡಸರ ಸಾಲಿನಲ್ಲಿ ಹುಡುಗಿ ಕೂರಬಾರದೆಂದು ಹಾಗೆ ಮಾಡಿದ್ದಾರೆಂದುಕೊಂಡೆ. ಅಲ್ಲಿ ಗಾಳಿ ಬರುತ್ತಿತ್ತು, ಹೊರಗೆ ಮಟ್ಟೆಯ ರಾಶಿ, ಆಚೆ ಎರಡು ತೆಂಗಿನ ಮರ. ನನಗೆ ಇಷ್ಟವಾಯಿತು. ಇನ್ನೂ ಇಷ್ಟವಾದದ್ದು ಅಲ್ಲಿನವರ ನಡತೆ. ಗುಮಾಸ್ತರೊಬ್ಬರು ಐವತ್ತರ ಆಸುಪಾಸಿನವರು, ಬ್ಯಾಂಕಿನವರ ಮೀಸೆಯಿಂದ ಹಿಡಿದು ಅಕ್ಕನ ಮುದ್ದೆಯ ಗಾತ್ರದವರೆಗೆ ಎಲ್ಲವನ್ನೂ ಆಡಿಕೊಳ್ಳುತ್ತಿದ್ದರು. ಬಾಗಿಲಾಚೆಯಿಂದಲೇ ಅವರ ಮಾತು ಕೇಳುತ್ತಿತ್ತು. ನಾನು ಹೊಸಲು ದಾಟಿದೊಡನೆ ದನಿ ತಗ್ಗುತ್ತಿತ್ತು. ಯಾರೋ ಒಬ್ಬರು ಎದ್ದು ಹಾಡು ಬರುತ್ತಿದ್ದ ರೇಡಿಯೋ ಆರಿಸುತ್ತಿದ್ದರು. ನನ್ನ ಊರು ಯಾವುದು, ಜನ ಯಾರು, ಮದುವೆ ಯಾವಾಗ ಎಂದು ಯಾರೂ ಕೇಳಲಿಲ್ಲ. ಹಾಸ್ಟೆಲಿನಲ್ಲೂ ಬಸ್ಸಿನಲ್ಲೂ ಇಂಥ ಪ್ರಶ್ನೆಗಳಿಗೆ ಉತ್ತರ ಹೇಳಿ ಬೇಸತ್ತಿದ್ದ ನನಗೆ ಅದು ದೊಡ್ಡ ಉಪಕಾರದಂತೆ ಕಂಡಿತು. ಸಣ್ಣ ಊರಿನಲ್ಲಿ ಇಷ್ಟು ಸೂಕ್ಷ್ಮದ ಜನ ಸಿಗುತ್ತಾರೆಂದು ಅಮ್ಮನಿಗೆ ಎಸ್‌ಟಿಡಿ ಬೂತಿನಿಂದ ಹೇಳಿದೆ.

ಕೆಲವು ಸಣ್ಣ ಸಂಗತಿಗಳನ್ನು ಗಮನಿಸಿದ್ದೆ, ಆದರೆ ಅವುಗಳನ್ನು ಒಂದಕ್ಕೊಂದು ಸೇರಿಸಿ ನೋಡಲಿಲ್ಲ. ಶುಕ್ರವಾರ ಬೀದಿಯ ಹೆಣ್ಣುಮಕ್ಕಳಿಗೆಲ್ಲ ಕನಕಾಂಬರ ಕೊಡುತ್ತಿದ್ದ ಅಕ್ಕ ನನಗೆ ಕೊಡುತ್ತಿರಲಿಲ್ಲ. ಶಿವರಾತ್ರಿಯ ಮರುದಿನ ಎಲ್ಲರ ತಟ್ಟೆಗೂ ತಂಬಿಟ್ಟು ಬಂತು, ನನ್ನನ್ನು ಕೇಳಲೂ ಇಲ್ಲ. ತುಪ್ಪ ಕೊಬ್ಬರಿ ಸೇರಿದ್ದು, ಕೇಳಿದ್ದರೂ ಬೇಡವೆನ್ನಬೇಕಾಗಿತ್ತು. ಆ ಮುಜುಗರವನ್ನೂ ಅವರೇ ತಪ್ಪಿಸಿದರಲ್ಲ ಎಂದುಕೊಂಡೆ.

ಮೈಗೆ ನಿಧಾನವಾಗಿ ಬಲ ಬಂತು. ಮೆಟ್ಟಿಲುಗಳನ್ನು ಒಂದೇ ಉಸಿರಿಗೆ ಹತ್ತತೊಡಗಿದೆ. ಲ್ಯಾಬಿನಲ್ಲಿ ಮಧ್ಯಾಹ್ನದ ಹೊತ್ತು ತಲೆ ತಿರುಗುವುದು ನಿಂತಿತು. ಕೆಲಸದಲ್ಲೂ ಮನಸ್ಸು ಕೂತಿತು. ಒಣಗಿಸುವ ಮನೆಯ ಒಂದು ತಟ್ಟೆಯ ಪುಡಿ ಮಾತ್ರ ಯಾಕೆ ಬೇಗ ಕಮಟುತ್ತದೆಂದು ಹುಡುಕುವ ಸಣ್ಣ ಕೆಲಸವನ್ನು ಸೂಪರ್‌ವೈಸರ್ ನನಗೇ ಬಿಟ್ಟರು. ಅದೇ ನನ್ನ ವರದಿಯ ವಿಷಯವೂ ಆಯಿತು. ಅದು ಮುಗಿಯಲು ಯುಗಾದಿಯ ಆಚೆಗೂ ಕೆಲವು ವಾರ ಬೇಕಿತ್ತು. ಅಷ್ಟು ದಿನ ಅಪ್ಪ ಬಿಡಬೇಕಿತ್ತು.

ಶಿವರಾತ್ರಿ ಕಳೆದ ಒಂದು ಭಾನುವಾರ ಅಪ್ಪ ಬಂದರು. ಬಸ್ ನಿಲ್ದಾಣದಲ್ಲಿ ತುರುವೇಕೆರೆಯ ಬಸ್ಸು ಕಾಯುತ್ತಾ ನಿಂತಿದ್ದ ನನಗೆ ಇಳಿದವರಲ್ಲಿ ಅವರು ಮೊದಲು ಗುರುತೇ ಸಿಗಲಿಲ್ಲ. ತಲೆ ನುಣ್ಣಗೆ ಬೋಳಿಸಿತ್ತು. ಮೀಸೆಯೂ ಇರಲಿಲ್ಲ. ಹೆಗಲ ಟವಲನ್ನು ಬಿಸಿಲಿಗೆ ತಲೆಯ ಮೇಲೆ ಹಾಕಿಕೊಂಡಿದ್ದರು. ನಾನು ನೋಡುತ್ತ ನಿಂತಾಗ, “ಮನೆದೇವರಿಗೆ ಹೋಗಿದ್ದೆ. ಅಲ್ಲಿಂದ ಹಿಂಗೇ ಬಂದೆ,” ಎಂದರು. ಹರಕೆ ಯಾರಿಗಾಗಿ ಹೊತ್ತಿದ್ದರೆಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ನನ್ನ ಮುಖವನ್ನು ಅವರು ಆ ಗದ್ದಲದಲ್ಲಿ ಸರಿಯಾಗಿ ನೋಡಲೂ ಇಲ್ಲ. ಮೊದಲು ಊಟ ಎಲ್ಲಿ ಮಾಡುತ್ತೀ ತೋರಿಸು ಎಂದರು.

ಮೆಸ್ಸಿನಲ್ಲಿ ಆಗ ಊಟದ ಹೊತ್ತು. ಬಾಗಿಲಲ್ಲಿ ನಾನು, ನಮ್ಮಪ್ಪ ಎಂದೆ. ಅಪ್ಪ ತಲೆಯ ಟವಲು ತೆಗೆದು ಒಳಗೆ ಬಂದರು. ಬಡಿಸುತ್ತಿದ್ದ ಅಕ್ಕ ಹಾಗೆಯೇ ನಿಂತು ಸೆರಗು ಎಳೆದುಕೊಂಡರು. ಅಜ್ಜಿ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದರು. ತಮಾಷೆಯ ಗುಮಾಸ್ತರು ಎಂಜಲು ಕೈಯಲ್ಲೇ ಅರ್ಧ ಎದ್ದು ನಿಂತು ತಲೆ ಬಗ್ಗಿಸಿದರು. ರೇಡಿಯೋ ನಿಂತಿತು. ಹೊಸಬರಿಗೆ ಇಷ್ಟು ಮರ್ಯಾದೆಯೇ ಎಂದು ಅಪ್ಪ ಕೈ ಮುಗಿದರು.

ಅಜ್ಜಿ ಅವರನ್ನು ಕೂರಿಸಿ ಎದುರಿಗೆ ತಾವೂ ಕೂತರು.

“ಹೆಂಗಾಯ್ತು ಸ್ವಾಮಿ? ವಯಸ್ಸಾಗಿತ್ತಾ?”

“ಯಾರಿಗೆ?” ಎಂದರು ಅಪ್ಪ.

“ನಿಮ್ಮ ತಾಯೇರಿಗೆ. ನಿಮ್ಮ ತಲೆ ನೋಡ್ದೇಟ್ಗೆ ಗೊತ್ತಾಯ್ತು ಬುಡಿ. ಇಷ್ಟು ದಿನ ಯಾರು ಅಂತ ತಿಳೀದೆ ಒದ್ದಾಡ್ತಿದ್ವಿ. ಮಗಳು ಮಾತ್ರ ಒಂದು ದಿನಾನೂ ಸೂತಕ ಮುರೀಲಿಲ್ಲ ಕಣ್ರೀ.”

ಅಪ್ಪನ ಮುಖದ ಬಣ್ಣ ಹೋಯಿತು. ಅವರು ಹಿಂದಿನ ದಿನ ಮನೆ ಬಿಟ್ಟವರು, ರಾತ್ರಿ ದೇವಸ್ಥಾನದ ಊರಿನಲ್ಲಿ ತಂಗಿ ನೇರ ಇಲ್ಲಿಗೆ ಬಂದಿದ್ದರು. ತಾವು ಹೊರಟ ಮೇಲೆ ಏನೋ ಆಗಿದೆ, ಸುದ್ದಿ ನನಗೆ ಮೊದಲು ಮುಟ್ಟಿದೆ ಎಂದು ಆ ಕ್ಷಣ ನಂಬಿದ್ದರು. ನನ್ನ ಕಡೆ ತಿರುಗಿ, “ಅವ್ವ?” ಎಂದರು. ಆ ದನಿಯನ್ನು ನಾನು ಅವರಿಂದ ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

ಇಲ್ಲಪ್ಪ, ಯಾರಿಗೂ ಏನೂ ಆಗಿಲ್ಲ, ನನಗೇನೂ ಗೊತ್ತಿಲ್ಲ ಎಂದು ನಾನು ಎರಡು ಸಲ ಹೇಳಿದೆ. ಅಕ್ಕ ಸೌಟು ಕೆಳಗಿಟ್ಟರು. “ಹಂಗಾರೆ ಯಾರೂ ಸತ್ತಿಲ್ವಾ?”

ಅಪ್ಪ ಉಸಿರು ಬಿಟ್ಟು, “ನಮ್ಮವ್ವ ನೆನ್ನೆ ಬೆಳಿಗ್ಗೆ ನನ್ನ ಜೊತೆ ಜಗಳ ಆಡ್ಕಂಡೇ ಬಸ್ಸಿಗೆ ಕಳಿಸಿದ್ದು ಕಣಮ್ಮ,” ಎಂದರು.

ಗುಮಾಸ್ತರು ಮತ್ತೆ ಮಣೆಯ ಮೇಲೆ ಕೂತು ಅಕ್ಕನ ಕಡೆ ತಿರುಗಿದರು. “ಅಲ್ಲ ಕಣಕ್ಕ, ಅಷ್ಟು ದಿನದಿಂದ ನಾನು ಊಟದ ಹೊತ್ತಲ್ಲಿ ಒಂದು ಹಾಡು ಕೇಳಿಲ್ಲ, ಒಂದು ಮಾತಾಡಿಲ್ಲ, ಬಾಯಿ ಹೊಲ್ಕಂಡು ಕುಂತಿದ್ದೀನಿ. ಆವಮ್ಮ ಅಲ್ಲಿ ಮಗನ ಜೊತೆ ಜಗಳ ಆಡ್ಕಂಡು ಗಟ್ಟಿಯಾಗವ್ರಂತೆ.”

ಮೊದಲು ನಕ್ಕವರು ಬ್ಯಾಂಕಿನವರು. ಆಮೇಲೆ ಎಲ್ಲರೂ ನಕ್ಕರು, ಅಪ್ಪ ಕೂಡ. ನಗಲು ಆಗದವಳು ನಾನೊಬ್ಬಳೇ. ಒಗ್ಗರಣೆ ಬೇಡವೆಂದದ್ದು, ಸಿಹಿ ಬೇಡವೆಂದದ್ದು, ಬೇರೆ ತಟ್ಟೆ, ಹೂವಿಲ್ಲದ ಗಿಡ್ಡ ತಲೆ, ಬಳೆಯಿಲ್ಲದ ಕೈ, ಎಲ್ಲವೂ ಆಗ ಒಟ್ಟಿಗೆ ಕಣ್ಣಿಗೆ ಬಂತು. ಸಾವಿನ ಮನೆಯವರು ಅಡುಗೆಗೆ ಒಗ್ಗರಣೆ ಹಾಕುವುದಿಲ್ಲ, ಬಾಣಲೆ ಇಡುವುದಿಲ್ಲ. ಅದು ನನಗೂ ಗೊತ್ತಿದ್ದ ವಿಷಯವೇ. ಆದರೆ ತಿಂಗಳುಗಟ್ಟಲೆ ಒಗ್ಗರಣೆಯಿಲ್ಲದ್ದನ್ನೇ ಉಂಡವಳಿಗೆ ಅದು ಬೇರೆಯವರ ಕಣ್ಣಿಗೆ ಹೇಗೆ ಕಾಣುತ್ತದೆಂದು ಹೊಳೆದಿರಲಿಲ್ಲ. ಯುಗಾದಿಯ ತನಕ ಎಂದು ನಾನು ಅಂದಿದ್ದರೂ ಅವರೆಲ್ಲ ಕಾದಿದ್ದರಂತೆ, ಹನ್ನೊಂದು ಕಳೆಯಲಿ, ತಿಂಗಳು ಕಳೆಯಲಿ ಎಂದು. ನಾನು ನಿಲ್ಲಿಸದೆ ಇದ್ದಾಗ ಇದು ದೊಡ್ಡ ಸಾವೇ ಇರಬೇಕೆಂದು ತೀರ್ಮಾನಿಸಿದರಂತೆ. ಎಳೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡ ಹುಡುಗಿಯೋ ಏನೋ ಎಂಬ ಮಾತೂ ಒಂದು ದಿನ ಬಂದಿತ್ತಂತೆ. ಅವತ್ತಿನಿಂದ ನನ್ನನ್ನು ಏನೂ ಕೇಳಕೂಡದೆಂದು ಅಜ್ಜಿ ಎಲ್ಲರಿಗೂ ಹೇಳಿದ್ದರಂತೆ.

“ಮತ್ಯಾಕವ್ವ ಹಿಂಗೆ ಉಣ್ತಿದ್ದೆ?” ಎಂದು ಅಜ್ಜಿ ಕೇಳಿದರು.

ಹೇಳಲೇಬೇಕಾಯಿತು. ಕಾಮಾಲೆ ಎಂದೆ.

ನಗು ನಿಂತಿತು. ಗುಮಾಸ್ತರ ಪಕ್ಕದಲ್ಲಿ ಕೂತವರ ತುತ್ತು ಬಾಯಿಯ ಹತ್ತಿರ ನಿಂತಿತು. ಅಜ್ಜಿ ಬೇರೆ ಗೂಡಿನಲ್ಲಿದ್ದ ನನ್ನ ತಟ್ಟೆಯ ಕಡೆ ನೋಡಿದರು. ಸಾವು ಬಂದ ಮನೆಯವಳಿಗೆ ಅನ್ನ ಹಾಕುವುದು ಒಂದು, ಕಾಮಾಲೆಯವಳಿಗೆ ಹಾಕುವುದು ಇನ್ನೊಂದು ಎಂದು ನನಗೆ ಗೊತ್ತಿತ್ತು. ವಾಸಿಯಾಗಿದೆ, ಅಂಟುವುದಿಲ್ಲವೆಂದು ಡಾಕ್ಟರು ಹೇಳಿದ ಮೇಲೇ ಬಂದದ್ದು ಎಂದೆ. ಅಪ್ಪ ಗೋಡೆಗೆ ಒರಗಿ ಸುಮ್ಮನೆ ಎಲ್ಲರ ಮುಖ ನೋಡುತ್ತಿದ್ದರು. ಇಲ್ಲಿ ಊಟ ಇಲ್ಲವೆಂದರೆ ನನ್ನನ್ನು ಕರೆದೊಯ್ಯಲು ಅವರಿಗೆ ಬೇರೆ ಕಾರಣ ಬೇಕಿರಲಿಲ್ಲ. ಬೇರೆ ಊಟ ನನಗೆ ಆ ಊರಿನಲ್ಲಿ ಇರಲಿಲ್ಲ.

ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು ನನ್ನನ್ನು ನೋಡಿದರು. ಆಮೇಲೆ ಅಪ್ಪನಿಗೆ ಹೇಳಿದರು. “ಸುಳ್ಳು ಯಾಕೆ ಹೇಳ್ಲಿ, ಬಂದ ದಿನಾನೇ ಕಾಮಾಲೆ ಅಂದಿದ್ರೆ ನಾನು ಸೇರಿಸ್ಕತಿರಲಿಲ್ಲ ಕಣ್ರೀ. ಹತ್ತು ಜನ ಉಣ್ಣೋ ಮನೆ. ಸೂತಕ ಅಂತ ತಿಳ್ಕಂಡು ಇಕ್ಕಿದ್ದು. ಆದ್ರೆ ಇಷ್ಟು ದಿನ ಉಂಡವ್ಳೆ, ಯಾರಿಗೂ ಒಂದು ತಲೆನೋವೂ ಬಂದಿಲ್ಲ. ಬಂದಾಗ ಹೆಂಗಿದ್ಲು, ಈಗ ಹೆಂಗವ್ಳೆ, ನೀವೇ ನೋಡಿ. ನಾನು ಕಳಿಸಾಕಿಲ್ಲ.”

ಉಣ್ಣುತ್ತಿದ್ದವರ ಕಡೆ ತಿರುಗಿ, ಯಾರಿಗಾದರೂ ಇಷ್ಟವಿಲ್ಲದಿದ್ದರೆ ಈಗಲೇ ಹೇಳಿ ಎಂದರು. ಯಾರೂ ಏಳಲಿಲ್ಲ. ಗುಮಾಸ್ತರು ಮುದ್ದೆ ಮುರಿಯುತ್ತ, ಬೇರೆ ಮೆಸ್ಸಿಗೆ ಹೋದರೆ ನನ್ನ ಅಜ್ಜಿ ಬದುಕಿರುವ ಸುದ್ದಿ ತನಗೆ ದಿನಾ ಯಾರು ಹೇಳುತ್ತಾರೆ ಎಂದರು.

ಅಪ್ಪ ಎದ್ದು ನನ್ನ ತೋಳು ಹಿಡಿದು ಹಿತ್ತಲ ಬಾಗಿಲಿಗೆ ಕರೆದೊಯ್ದರು. ಮಧ್ಯಾಹ್ನದ ಬೆಳಕಿಗೆ ತಿರುಗಿಸಿ ಕೆಳರೆಪ್ಪೆ ಎಳೆದು ನೋಡಿದರು. ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು. ಮನೆಯಲ್ಲಿ ನೋಡುತ್ತಿದ್ದದ್ದಕ್ಕಿಂತ ಹೆಚ್ಚು ಹೊತ್ತು ನೋಡಿದರು. ಅಷ್ಟು ಹತ್ತಿರದಿಂದ ನಾನು ಅವರ ತಲೆಯ ಮೇಲೆ ಕ್ಷೌರದ ಕತ್ತಿ ತಾಗಿದ ಒಂದು ಗೆರೆ ನೋಡಿದೆ. ಅವರು ರೆಪ್ಪೆ ಬಿಟ್ಟು, ಒಳಗೆ ತಿರುಗಿ, ನನಗೂ ಅದನ್ನೇ ಬಡಿಸಿ ಎಂದು ಅಕ್ಕನಿಗೆ ಹೇಳಿದರು.

ಅಜ್ಜಿ ಒಪ್ಪಲಿಲ್ಲ. ದೇವರಿಗೆ ಮುಡಿ ಕೊಟ್ಟು ಬಂದವರಿಗೆ ಒಗ್ಗರಣೆಯಿಲ್ಲದೆ ಬಡಿಸುವುದುಂಟೇ, ಮನೆಗೆ ಒಳ್ಳೆಯದಲ್ಲ ಎಂದು ವಾದ ಮಾಡಿದರು. ಕೊನೆಗೆ ರಾಜಿಯಾಯಿತು. ಅಪ್ಪನ ತಟ್ಟೆಗೆ ಮೊದಲು ಒಂದು ಚೂರು ಬೆಲ್ಲ ಬಂತು, ಆಮೇಲೆ ನನ್ನ ಪಾತ್ರೆಯ ಸಾರು. ಅವರು ಮುದ್ದೆಯನ್ನು ಅದ್ದಿ ಮಾತಾಡದೆ ಉಂಡರು, ಎರಡನೆಯ ಸಲವೂ ಹಾಕಿಸಿಕೊಂಡರು. ಕೈ ತೊಳೆದು ಬಂದು ತುರುವೇಕೆರೆಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಗುಮಾಸ್ತರನ್ನು ಕೇಳಿದರು. ಬಸ್ ನಿಲ್ದಾಣದವರೆಗೆ ನಡೆಯುವಾಗ, ಹಾಸಿಗೆ ಸುತ್ತು ಎನ್ನುತ್ತಾರೆಂದು ಕಾಯುತ್ತಲೇ ಇದ್ದೆ. ನೊಣವಿನಕೆರೆಯ ಜನ ಹತ್ತಿ ಬಸ್ಸು ತುಂಬುತ್ತಿತ್ತು. ಅಪ್ಪ ಕಿಟಕಿಯ ಪಕ್ಕ ಕೂತು ಹೊರಗೆ ತಲೆ ಹಾಕಿದರು.

“ಯುಗಾದಿಗೆ ರಜ ಸಿಕ್ಕಿದ್ರೆ ಬಾ. ಕೆಲಸ ಇದ್ರೆ ಮುಗಿಸ್ಕೊಂಡೇ ಬಾ,” ಎಂದರು.

ಬಸ್ಸು ಹೋದ ಮೇಲೆ ನಾನು ಕೋಣೆಗೆ ಹೋಗಲಿಲ್ಲ. ಕಾಲು ಮತ್ತೆ ಮೆಸ್ಸಿನ ಕಡೆಗೇ ಹೋಯಿತು. ಎಲ್ಲರೂ ಉಂಡು ಹೋಗಿದ್ದರು. ಅಕ್ಕ ಅಡುಗೆಮನೆಯ ಹೊಸಲಿನಲ್ಲಿ ಕೂತು ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು. ನನ್ನನ್ನು ನೋಡಿ ಸ್ವಲ್ಪ ಸರಿದು ಜಾಗ ಮಾಡಿದರು.

“ಇನ್ನೇನಾದ್ರೂ ಇದ್ರೆ ಈಗ್ಲೇ ಹೇಳ್ಬುಡು ಕಣವ್ವ. ಇಲ್ದಿದ್ರೆ ನಾವು ಇನ್ಯಾರನ್ನಾದ್ರೂ ಸಾಯಿಸಿಬುಡ್ತೀವಿ,” ಎಂದರು.

ಆಗ ನನಗೆ ನಗು ಬಂತು. ಮಧ್ಯಾಹ್ನದಿಂದ ಉಳಿಸಿಕೊಂಡಿದ್ದೆಲ್ಲ ಒಟ್ಟಿಗೆ ಬಂತು, ಕಣ್ಣಲ್ಲಿ ನೀರು ಬರುವಷ್ಟು. ನಾನು ಕೂತು ಅವರ ಮೊರದಿಂದ ಒಂದು ಹಿಡಿ ಅಕ್ಕಿ ನನ್ನ ಕಡೆ ಎಳೆದುಕೊಂಡೆ.

ಯುಗಾದಿಗೆ ನಾನು ಊರಿಗೆ ಹೋಗಲಿಲ್ಲ, ವರದಿ ಮುಗಿಸಿಯೇ ಹೋದೆ. ರಕ್ತಪರೀಕ್ಷೆ ಸರಿಯಾಗಿತ್ತು, ಆ ವರ್ಷವೇ ಡಿಗ್ರಿ ಬಂತು. ಮೆಸ್ಸಿನಲ್ಲಿ ಅಷ್ಟು ದಿನವೂ ನನ್ನ ಪಾತ್ರೆ ಒಲೆಯ ಪಕ್ಕದಲ್ಲೇ ಇತ್ತು. ಬದಲಾದದ್ದು ಮಣೆಯ ಜಾಗ ಮಾತ್ರ, ಅಜ್ಜಿ ಅದನ್ನು ಒಳಗೆ ತಂದು ಸಾಲಿನ ಕೊನೆಗೆ ಹಾಕಿದರು. ರೇಡಿಯೋ ಹಾಡಿತು. ಗುಮಾಸ್ತರು ದಿನಾ ನನ್ನ ಅಜ್ಜಿಯ ಆರೋಗ್ಯ ವಿಚಾರಿಸಿ, ನಿನ್ನೆ ಯಾರ ಜೊತೆ ಜಗಳವಾಯಿತಂತೆ ಎಂದು ಕೇಳುತ್ತಿದ್ದರು. ಊರಿನಲ್ಲಿ ನನ್ನ ಅಜ್ಜಿ ಸುದ್ದಿ ಕೇಳಿ ಮೊದಲು ಮುನಿಸಿಕೊಂಡರು. ಆಮೇಲೆ, ತಾನು ಸತ್ತರೆ ಮೊಮ್ಮಗಳು ಅಷ್ಟು ದಿನ ಒಗ್ಗರಣೆ ಬಿಡುತ್ತಾಳೆಂದು ನಂಬಿದ ಆ ಮನೆಯವರನ್ನು ಒಮ್ಮೆ ನೋಡಬೇಕೆಂದು ಹೇಳಿಕೊಂಡು ತಿರುಗಿದರು.

ಆ ಭಾನುವಾರ ಅಡುಗೆಮನೆಯ ಹೊಸಲಿನಲ್ಲಿ ಅಕ್ಕನ ಜೊತೆ ನಾನು ಬಹಳ ಹೊತ್ತು ಮಾತಾಡಿದೆ. ಕಾಯಿಲೆಯ ಮಾತು, ಮನೆಯ ಮಾತು, ಜಾತಕ ತಂದ ನೆಂಟರ ಮಾತು. ಅವರು ಅಕ್ಕಿಯಿಂದ ಕಣ್ಣೆತ್ತದೆ ಕೇಳಿದರು, ನಡುವೆ ಒಂದೆರಡು ಸಲ ಹೂಂ ಎಂದರು. ಹೇಳಿದ್ದೆಲ್ಲವನ್ನೂ ಇಲ್ಲಿ ಬರೆಯುವುದಿಲ್ಲ. ಮನೆಯವರಲ್ಲದ ಒಬ್ಬರಿಗೆ ನಾನು ಅಷ್ಟು ಹೇಳಿದ್ದು ಅದೇ ಮೊದಲು ಎಂಬುದನ್ನು ಮಾತ್ರ ಬರೆಯುತ್ತೇನೆ.